ತಲೆಪೆಟ್ಟು, ಬಾಲಪೆಟ್ಟು

ಆ ಊರಿಗೊಂದು ಹೆಸರಿದೆ. ಅದನ್ನು ಇಲ್ಲಿ ಬರೆದು ಊರಿಗೆ ಮರ್ಯಾದೆ ತಂದುಕೊಡುವ ಮನಸ್ಸಿಲ್ಲ. ನಡುವೆ ಒಂದು ಕಲ್ಲುಕಟ್ಟೆ, ಕಟ್ಟೆಯ ಮೇಲೆ ಎರಡು ಕಂಬ, ಕಂಬಗಳ ನಡುವೆ ತೂಗುವ ಕಂಚಿನ ಜಾಗಟೆ, ಜಾಗಟೆಯ ಮುಂದೆ ಮರದ ಕೊಡತಿ ಹಿಡಿದ ಒಬ್ಬ ಮನುಷ್ಯ: ಊರೆಂದರೆ ಇಷ್ಟೇ. ಮಿಕ್ಕ ಮನೆ, ಬೀದಿ, ಬಾವಿಗಳೆಲ್ಲ ಇದರ ಸುತ್ತ ಬೆಳೆದುಕೊಂಡವು.

ಜಾಗಟೆ ನಿಲ್ಲುವಂತಿಲ್ಲ. ಒಬ್ಬನ ಕೈ ಸೋಲುವ ಮೊದಲು ಇನ್ನೊಬ್ಬನ ಕೈ ಕೊಡತಿಗೆ ಬರುತ್ತದೆ. ಢಣ್, ಢಣ್, ಢಣ್, ಢಣ್. ಒಂದು ಎಷ್ಟು ಜೋರೋ ಇನ್ನೊಂದೂ ಅಷ್ಟೇ ಜೋರು. ಒಂದಕ್ಕೂ ಮುಂದಿನದಕ್ಕೂ ನಡುವಿನ ಬಿಡುವು ಎಲ್ಲೆಲ್ಲೂ ಒಂದೇ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಆ ಊರಿನಲ್ಲಿ ನೆನಪಿಟ್ಟುಕೊಂಡವರು ಯಾರೂ ಇಲ್ಲ.

ಊರಿನವರ ಕಿವಿಗೆ ಪೆಟ್ಟುಗಳು ಸಮವಲ್ಲ. ಅವು ಜೋಡಿ ಜೋಡಿಯಾಗಿ ಬರುತ್ತವೆ. ಜೋಡಿಯಲ್ಲಿ ಮೊದಲನೆಯದು ಗಟ್ಟಿ, ಎರಡನೆಯದು ಸಪ್ಪೆ. ಜೋಡಿಯ ಒಳಗಿನ ಬಿಡುವು ಚಿಕ್ಕದು, ಜೋಡಿ ಮುಗಿದ ಮೇಲಿನ ಬಿಡುವು ದೊಡ್ಡದು. ಢಣ್-ಢಣ್. ಢಣ್-ಢಣ್. ಮೊದಲನೆಯದು ತಲೆಪೆಟ್ಟು, ಎರಡನೆಯದು ಬಾಲಪೆಟ್ಟು. ಇದು ನಟನೆಯಲ್ಲ. ನಟನೆಯಾಗಿದ್ದರೆ ಕ್ಷಮಿಸಬಹುದಿತ್ತು, ನಟಿಸುವವನಿಗೆ ಕಡೇಪಕ್ಷ ನಿಜ ಗೊತ್ತಿರುತ್ತದೆ. ಇವರಿಗೆ ನಿಜವಾಗಿಯೂ ಹಾಗೇ ಕೇಳುತ್ತದೆ. ಪರಸ್ಥಳದವನು ಬಂದು ಕಟ್ಟೆಯ ಬಳಿ ಕೂತರೂ ಎಲೆಯಡಿಕೆ ಜಗಿದು ಉಗುಳುವಷ್ಟರಲ್ಲಿ ಅವನಿಗೂ ಹಾಗೇ ಕೇಳತೊಡಗುತ್ತದೆ. ಸಮವಾದದ್ದನ್ನು ಸಮವಾಗಿಯೇ ಕೇಳುವುದು ಕಿವಿಗೆ ಬೇಸರದ ಕೆಲಸ. ಅದು ಒಂದನ್ನು ಎತ್ತಿ ಮೇಲೆ ಕೂರಿಸುತ್ತದೆ, ಇನ್ನೊಂದನ್ನು ಅದರ ಕಾಲ ಬಳಿ ಕೂರಿಸುತ್ತದೆ, ಆಮೇಲೆ, ಇವರು ಮೊದಲಿಂದಲೂ ಕೂತದ್ದೇ ಹೀಗೆ ಎನ್ನುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಆ ಊರಿನಲ್ಲಿ ಕೂಸು ಹುಟ್ಟಿದರೆ ಅದರ ಮೊದಲ ಅಳು ಯಾವ ಪೆಟ್ಟಿಗೆ ಬಿತ್ತು ಎಂದು ಕೇಳುತ್ತಾರೆ. ತಲೆಪೆಟ್ಟಿಗೆ ಅತ್ತ ಕೂಸು ಸಾಯುವವರೆಗೂ ತಲೆ. ಬಾಲಪೆಟ್ಟಿಗೆ ಅತ್ತದ್ದು ಸಾಯುವವರೆಗೂ ಬಾಲ. ತಲೆ ಮುಂದೆ ನಡೆಯುತ್ತದೆ, ಬಾಲ ಹಿಂದೆ. ತಲೆ ಉಂಡ ಮೇಲೆ ಬಾಲ ಉಣ್ಣುತ್ತದೆ. ತಲೆ ಬಾಯಿ ತೆರೆದು ಮುಚ್ಚಿದ ಮೇಲೆ ಬಾಲ ಬಾಯಿ ತೆರೆಯುತ್ತದೆ. ಅಪ್ಪ ತಲೆಯಾಗಿ ಮಗ ಬಾಲವಾದರೂ ಹೀಗೇ, ಮಗಳು ತಲೆಯಾಗಿ ತಾಯಿ ಬಾಲವಾದರೂ ಹೀಗೇ. ಕಂಚಿಗೆ ಸಂಬಂಧಗಳು ತಿಳಿಯುವುದಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಯಾವುದು ತಲೆ, ಯಾವುದು ಬಾಲ ಎಂದು ಹೇಳುವುದಕ್ಕೆ ಇಬ್ಬರಿದ್ದಾರೆ. ಒಬ್ಬ ಎಡಗಿವಿ, ಇನ್ನೊಬ್ಬ ಬಲಗಿವಿ. ಎಣಿಕೆ ಅವರಿಗೆ ಅಪ್ಪಂದಿರಿಂದ ಬಂದದ್ದು. ಅಪ್ಪ ಸಾಯುವಾಗ ಮಗನ ಅಂಗೈಯನ್ನು ತಲೆಪೆಟ್ಟಿಗೆ ಸರಿಯಾಗಿ ಒತ್ತುತ್ತಾನೆ. ಮಗ ಅಲ್ಲಿಂದ ಮುಂದಕ್ಕೆ ಹಿಡಿಯುತ್ತಾನೆ. ಒಬ್ಬ ಮಲಗಿದಾಗ ಇನ್ನೊಬ್ಬ ಎಚ್ಚರವಿರುತ್ತಾನೆ. ಮಲಗಿದವನು ಎದ್ದ ಕೂಡಲೇ ಎಚ್ಚರವಿದ್ದವನು ಅವನ ಕಿವಿಯ ತುದಿಯನ್ನು ತಲೆಪೆಟ್ಟಿಗೆ ಹಿಂಡುತ್ತಾನೆ. ಹೀಗೆ, ಎಂದೂ ಕಡಿಯದ ಎಣಿಕೆ. ಎಚ್ಚರವಿದ್ದವನು ತೂಕಡಿಸಿದ್ದರೆ? ಸಾಯುವ ಅಪ್ಪನ ಬೆರಳು ಬರೀ ಸೆಳೆತಕ್ಕೆ ಒತ್ತಿದ್ದರೆ? ಇದನ್ನು ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಬಾಲದವರಿಗೆ ಬಾಯಿಲ್ಲ, ತಲೆಯವರಿಗೆ ಅಗತ್ಯವಿಲ್ಲ.

ಆ ಊರಿನಲ್ಲಿ ಒಬ್ಬ ಬಸುರಿ ಇದ್ದಳು. ಅವಳು ಬಾಲ, ಅವಳ ಗಂಡ ಬಾಲ. ಹುಟ್ಟಿದಾಗಿನಿಂದ ಯಾರದೋ ಬೆನ್ನನ್ನು ನೋಡುತ್ತ ನಡೆದವಳು. ಊರಿನ ಬೆನ್ನುಗಳೆಲ್ಲ ಅವಳಿಗೆ ಪರಿಚಯ, ಮುಖಗಳು ಅಷ್ಟಾಗಿ ಇಲ್ಲ. ಅವಳಿಗೆ ಇದ್ದದ್ದು ಒಂದೇ ಆಸೆ. ಅದನ್ನು ಅವಳು ಸೂಲಗಿತ್ತಿಗೆ ಹೇಳಿದಳು. ಸೂಲಗಿತ್ತಿ ಮುದುಕಿ, ಬಾಲ, ಊರಿನ ಅರ್ಧ ಜನರನ್ನು ಕೈಯಲ್ಲಿ ಹಿಡಿದು ಈ ಲೋಕಕ್ಕೆ ಎಳೆದವಳು.

“ಅಜ್ಜೀ, ನನ್ನ ಕೂಸು ತಲೆ ಆಗ್ಬೇಕು.”

“ಎಲ್ರೂ ಅದನ್ನೇ ಕೇಳ್ತಾರೆ ಕಣೇ. ನಾನೇನು ಮಾಡ್ಲಿ? ಹೊಟ್ಟೆ ಹತ್ರ ಬಾಯಿಟ್ಟು, ಈಗ ಅಳು, ಈಗ ಅಳಬೇಡ ಅಂತ ಕೂಗ್ಲಾ?”

“ಕೂಸಿಗೆ ಏನೂ ಮಾಡ್ಬೇಡ. ಕಿವಿಗಳಿಗೆ ಏನಾದ್ರೂ ಮಾಡೋಕಾಗುತ್ತಾ?”

ಸೂಲಗಿತ್ತಿ ಬಾಗಿಲ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ಅಡುಗೆಮನೇಲಿ ಏನಾದ್ರೂ ಧಡಾರ್ ಅಂತ ಬಿದ್ರೆ, ಆಮೇಲೆ ಜಾಗಟೆ ತಿರುಗಿ ಕೇಳುತ್ತೆ. ಗಮನಿಸಿದ್ದೀಯಾ? ತಲೆ ಇದ್ದದ್ದು ಬಾಲ, ಬಾಲ ಇದ್ದದ್ದು ತಲೆ. ಬಿದ್ದ ಸದ್ದು ಯಾವ ಪೆಟ್ಟಿನ ಮೇಲೆ ಬಿತ್ತೋ ಅದೇ ಯಜಮಾನ.”

“ನನಗೂ ಹಾಗೇ ಆಗುತ್ತೆ! ನನ್ನ ಕಿವೀನೇ ಸರಿಯಿಲ್ಲ ಅಂದ್ಕೊಂಡಿದ್ದೆ.”

“ನಾವೆಲ್ಲ ಹಾಗೇ ಅಂದ್ಕೋತೀವಿ. ಬಾಲದ ಕಿವಿ ಅಲ್ವಾ.”

“ಅವರ ಕಿವಿ?”

“ಅವರದ್ದೂ ಮಾಂಸದ್ದೇ ಕಣೇ. ಕಂಚಿಂದಲ್ಲ.”

ಹೆರಿಗೆ ಬೆಳಗಿನ ಹೊತ್ತಿಗೆ ಬಂತು. ಪದ್ಧತಿಯಂತೆ ಎಡಗಿವಿ, ಬಲಗಿವಿ ಇಬ್ಬರೂ ಬಿಳಿಯ ರುಮಾಲು ಸುತ್ತಿಕೊಂಡು ಬಂದು ಹೊಸ್ತಿಲ ಮೇಲೆ ಕೂತರು. ಕಣ್ಣು ಮುಚ್ಚಿದರು. ಮಂಡಿಯ ಮೇಲೆ ಬೆರಳು ಆಡಿಸಿದರು, ಒಬ್ಬನ ಬೆರಳಿನ ಜೊತೆಗೇ ಇನ್ನೊಬ್ಬನ ಬೆರಳು, ತಲೆಗೊಮ್ಮೆ, ತಲೆಗೊಮ್ಮೆ. ಒಳಗೆ ಹೆಂಗಸು ನರಳುತ್ತಿದ್ದಳು. ಅದು ಅವರಿಗೆ ಕೇಳಲಿಲ್ಲ. ಅವರ ಕಿವಿಗಳು ಇದ್ದದ್ದು ದೊಡ್ಡ ಕೆಲಸಕ್ಕೆ.

ಕೂಸು ಅತ್ತಿತು. ಅತ್ತ ಪೆಟ್ಟಿಗೇ ಒಳಗೆ ಹಿತ್ತಾಳೆಯ ಬಿಂದಿಗೆ ನೆಲಕ್ಕೆ ಬಿತ್ತು. ಸರಿಯಾಗಿ ಹೇಳಬೇಕೆಂದರೆ, ಅಲ್ಲಿಯವರೆಗಿನ ಎಣಿಕೆಯ ಪ್ರಕಾರ ಅದು ಬಾಲಪೆಟ್ಟು. ಇಬ್ಬರೂ ಕೂತಲ್ಲೇ ಬೆಚ್ಚಿದರು. ಇಬ್ಬರ ಬೆರಳುಗಳೂ ಗಾಳಿಯಲ್ಲಿ ನಿಂತವು. ಮತ್ತೆ ಮಂಡಿಯ ಮೇಲೆ ಇಳಿದಾಗ ಎಲ್ಲಿಗೆ ಇಳಿದವೆಂದು ಅವಕ್ಕೇ ತಿಳಿಯಲಿಲ್ಲ.

“ಏನೇ ಅದು?” ಎಂದ ಎಡಗಿವಿ.

“ಬಿಂದಿಗೆ, ಬುದ್ಧಿ. ಕೈಯೆಲ್ಲ ಒದ್ದೆ, ಜಾರ್ತು,” ಎಂದಳು ಸೂಲಗಿತ್ತಿ ಒಳಗಿನಿಂದ.

ಬಲಗಿವಿ ಎಡಗಿವಿಯ ಮುಖ ನೋಡಿದ. ಎಡಗಿವಿ ಬಲಗಿವಿಯ ಮುಖ ನೋಡಿದ. ಆಮೇಲೆ ಇಬ್ಬರೂ ಒಟ್ಟಿಗೆ, ಅನುಮಾನದ ಎಳೆಯೂ ಇಲ್ಲದ ದನಿಯಲ್ಲಿ ಹೇಳಿದರು: “ತಲೆ.”

ಅವರು ಸುಳ್ಳು ಹೇಳಲಿಲ್ಲ. ಮೋಸಹೋದ ಕಿವಿಗೆ ತಾನು ಮೋಸಹೋದದ್ದು ಕೇಳಿಸುವುದಿಲ್ಲ. ಮೊದಲಿನಷ್ಟೇ ಸ್ಪಷ್ಟವಾಗಿ, ಮೊದಲಿನಷ್ಟೇ ಗಂಭೀರವಾಗಿ ಇನ್ನೊಂದೇ ಕೇಳಿಸುತ್ತದೆ.

ಬಾಣಂತಿ ಕೂಸಿನ ಮುಖವನ್ನು ನೋಡಿದಳು. ಹುಟ್ಟಿದ ಮೇಲೆ ಅವಳು ನೋಡಿದ ಮೊದಲ ತಲೆಯ ಮುಖ ಅದು, ಇಷ್ಟು ಹತ್ತಿರದಿಂದ. ಗಂಡ ಅಂಗಳದಿಂದ ಒಳಗೆ ಬಂದವನು ಕೂಸಿನ ಮುಂದೆ ನಿಲ್ಲಲು ಹೆದರಿ ಪಕ್ಕಕ್ಕೆ ಸರಿದು ನಿಂತ.

ಅದೇ ದಿನ ಇಳಿಹೊತ್ತಿಗೆ ಊರಿನ ಯಜಮಾನನ ಮನೆಯಲ್ಲಿ ಸೊಸೆ ಹೆತ್ತಳು. ಯಜಮಾನ ತಲೆ, ಅವನ ಮಗ ತಲೆ, ಅವನ ಮನೆಯಲ್ಲಿ ಹುಟ್ಟಿದ್ದೆಲ್ಲ ತಲೆ; ಯಾಕೆ ಹಾಗೆ ಎಂದು ಯಾರೂ ಕೇಳಿದವರಿಲ್ಲ. ಕಿವಿಗಳು ಹೊಸ್ತಿಲ ಮೇಲೆ ಕೂತರು, ಕಣ್ಣು ಮುಚ್ಚಿದರು, ಬೆರಳು ಆಡಿಸಿದರು. ಕೂಸು ಅತ್ತಿತು. ಇಬ್ಬರೂ ಒಟ್ಟಿಗೆ ಹೇಳಿದರು: “ಬಾಲ.”

ಯಜಮಾನ ನಕ್ಕ. ಅವನಿಗೆ ತಮಾಷೆ ಇಷ್ಟ. ಕಿವಿಗಳು ನಗದೇ ಇದ್ದಾಗ ಅವನ ನಗು ಮೀಸೆಯಲ್ಲೇ ಒಣಗಿತು.

“ಏನಯ್ಯಾ ಅಂದ್ರಿ? ನನ್ನ ಮನೆ ಹೆಂಗಸರೆಲ್ಲ ಕೇಳಿದ್ದಾರೆ. ಅಳು ಬಿದ್ದದ್ದು ತಲೇಗೆ.”

“ಬಾಲಕ್ಕೆ, ಯಜಮಾನ್ರೇ.”

“ನಿಮ್ಮ ಕಿವಿ ತಿರುಗಿದೆ.”

“ನಮ್ಮ ಕಿವಿ ತಿರುಗೋದಿಲ್ಲ, ಯಜಮಾನ್ರೇ. ತಿರುಗೋ ಹಾಗಿದ್ರೆ,” ಬಲಗಿವಿ ತಡೆದು ತಡೆದು ಹೇಳಿದ, “ನೀವು ಹುಟ್ಟಿದ ದಿನಾನೂ ತಿರುಗಿರಬಹುದಲ್ಲ.”

ಮಾತು ಹೊರಗೆ ಬಂದಿತ್ತು. ಹೇಳಿದವನಿಗೇ ಅದು ಎಂಥ ಮಾತೆಂದು ಆಮೇಲೆ ಹೊಳೆಯಿತು. ಬೆಳಗಾಗುವಷ್ಟರಲ್ಲಿ ಇಡೀ ಊರು ಕಟ್ಟೆಯ ಸುತ್ತ ನೆರೆಯಿತು. ತಲೆಯವರು ಮುಂದೆ, ಬಾಲದವರು ಹಿಂದೆ, ಎಂದಿನಂತೆಯೇ. ಆದರೆ ಮುಂದಿದ್ದವರು ಮತ್ತೆ ಮತ್ತೆ ಹಿಂದಿರುಗಿ ನೋಡುತ್ತಿದ್ದರು. ಹಿಂದಿದ್ದವರ ಮುಖ ಅವರು ನೋಡಿದ್ದು ಅದೇ ಮೊದಲು.

ಯಜಮಾನ ಕಟ್ಟೆ ಹತ್ತಿದ. “ಇಷ್ಟೊಂದು ರಾದ್ಧಾಂತ ಯಾಕೆ? ಎಲ್ಲರಿಗೂ ಕಿವಿ ಇದೆಯಲ್ಲ. ತಲೆಪೆಟ್ಟು ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿ. ಸತ್ಯ ತಾನಾಗಿ ಗೊತ್ತಾಗುತ್ತೆ.”

ಊರು ಚಪ್ಪಾಳೆ ತಟ್ಟಿತು. ಬಿಂದಿಗೆಯ ಸದ್ದು ಕೇಳಿದ್ದ ಕೇರಿಯವರು ಒಂದು ಪೆಟ್ಟಿಗೆ ತಟ್ಟಿದರು. ಕೇಳದ ಕೇರಿಯವರು ಇನ್ನೊಂದಕ್ಕೆ ತಟ್ಟಿದರು. ನಡುವಿನವರು ಅಕ್ಕಪಕ್ಕದವರನ್ನು ನೋಡಿ ತಟ್ಟಿದರು. ಒಂದೊಂದು ಪೆಟ್ಟಿಗೂ ಚಪ್ಪಾಳೆ ಬಿತ್ತು. ಒಂದಕ್ಕೆ ಎಷ್ಟೋ ಇನ್ನೊಂದಕ್ಕೂ ಅಷ್ಟೇ. ಜಾಗಟೆ ಏನು ಹೇಳುತ್ತಿತ್ತೋ ಅದನ್ನೇ, ಹುಟ್ಟಿದ ಮೇಲೆ ಮೊದಲ ಸಲ, ಊರು ತನ್ನ ಕೈಯಿಂದ ಹೇಳಿತು. ಅದನ್ನು ಗಮನಿಸಿದವರು ಒಬ್ಬರಾದರೂ ಇರಬೇಕಿತ್ತು. ಇರಲಿಲ್ಲ. ಪ್ರತಿಯೊಬ್ಬನೂ ತನ್ನ ಚಪ್ಪಾಳೆಯನ್ನು ಮಾತ್ರ ಕೇಳಿಸಿಕೊಂಡು, ಪಕ್ಕದವನನ್ನು ಕೆಪ್ಪ ಎಂದು ಬೈದ.

“ಬಡಿಯೋನನ್ನೇ ಕೇಳಿ!” ಎಂದು ಯಾರೋ ಕೂಗಿದರು.

ಬಡಿಯುವವನು ಕೈ ನಿಲ್ಲಿಸದೆಯೇ ಕತ್ತು ತಿರುಗಿಸಿದ. “ನಾನು ತಲೆಪೆಟ್ಟನ್ನ ಜೋರಾಗೇ ಬಡೀತೀನಿ ಬುದ್ಧಿ. ಭಯಭಕ್ತಿ ಇಲ್ವಾ ನನಗೆ?”

“ಯಾವುದು ಅದು? ತೋರಿಸು.”

“ಇದು,” ಎಂದ. ಢಣ್. “ಅಲ್ಲ, ಇದು.” ಢಣ್. “ತಾಳಿ ಬುದ್ಧಿ. ನೀವು ಕೇಳೋತನಕ ಸರಿಯಾಗೇ ಇತ್ತು.” ಢಣ್. ಬಡಿಯುವವನಿಗೂ ಅವನ ಕೈ ಏನು ಮಾಡುತ್ತಿತ್ತೆಂದು ತಿಳಿದಿರಲಿಲ್ಲ. ಕಿವಿ ಹೇಳಿದ್ದನ್ನು ಕೈ ಮಾಡುತ್ತಿದೆ ಎಂದು ನಂಬಿ ಇಷ್ಟು ಕಾಲ ಬೆವರು ಸುರಿಸಿದ್ದ.

ಆಗ ಸೂಲಗಿತ್ತಿ ಹಿಂದಿನ ಸಾಲಿನಿಂದ ಮುಂದೆ ಬಂದಳು. ತಲೆಯವರ ಮಾತು ಮುಗಿಯಲೆಂದು ಕಾದು ನಿಂತಳು. ಮುಗಿಯುವ ಲಕ್ಷಣ ಕಾಣಲಿಲ್ಲ. ಅದಕ್ಕೇ ಮಾತಾಡಿಬಿಟ್ಟಳು.

“ಬಿಂದಿಗೆ ಜಾರಿದ್ದಲ್ಲ. ನಾನೇ ಎತ್ತಿಹಾಕಿದ್ದು.”

ಅವಳು ಎಡಗಿವಿ, ಬಲಗಿವಿಯ ಕಡೆ ತಿರುಗಿದಳು.

“ಒಂದು ಬಿಂದಿಗೆ ಬಿದ್ರೆ ತಿರುಗೋ ಕಿವಿ ಇವು. ನಿಮ್ಮಜ್ಜಿ ಕಾಲದಲ್ಲೂ ಬಿಂದಿಗೆ ಬೀಳ್ತಿತ್ತು, ಯಜಮಾನ್ರೇ. ಬಾಗಿಲು ಬಡಕೊಳ್ತಿತ್ತು, ಗುಡುಗು ಬರ್ತಿತ್ತು. ಯಾರು ತಲೆ, ಯಾರು ಬಾಲ ಅಂತ ನೀವೂ ಹೇಳೋಕಾಗಲ್ಲ, ನಾನೂ ಹೇಳೋಕಾಗಲ್ಲ. ನನ್ನ ತಾಯಿ ಹೇಳ್ತಿದ್ಲು, ನಾನು ಹುಟ್ಟಿದ ವರ್ಷ ಊರಿಗೆಲ್ಲ ಜ್ವರ ಅಂತೆ. ಬಡಿಯೋಕೆ ಒಬ್ಬ ಮುದುಕ ಬಿಟ್ರೆ ಯಾರೂ ಇಲ್ಲ. ಅವನ ಕೈ ಸೋತು ಪೆಟ್ಟು ನಿಧಾನವಾಯ್ತು. ಒಂದು ಬಿದ್ದು, ಅದು ಪೂರ್ತಿ ಆರಿ, ಉಸಿರೆಳಕೊಂಡು ಬಿಟ್ಟ ಮೇಲೆ ಇನ್ನೊಂದು. ಆಗ ಜೋಡೀನೇ ಕೇಳ್ತಿರಲಿಲ್ವಂತೆ. ಒಂದು ಅಂದ್ರೆ ಒಂದೇ. ತಲೇನೂ ಇಲ್ಲ, ಬಾಲಾನೂ ಇಲ್ಲ. ಆ ವರ್ಷ ಹುಟ್ಟಿದವರನ್ನ ಬರೀ ಕೂಸು ಅಂತಿದ್ರಂತೆ.”

“ಆಮೇಲೆ?” ಎಂದು ಯಾರೋ ಕೇಳಿದರು.

“ಆಮೇಲೆ ಜ್ವರ ಇಳೀತು. ಗಟ್ಟಿ ಕೈಯವನು ಬಂದ. ನಮ್ಮನ್ನೆಲ್ಲ ಬಾಲ ಅಂದ್ರು.” ಅವಳು ಕಟ್ಟೆಯತ್ತ ಕೈ ತೋರಿಸಿದಳು. “ನಿಧಾನವಾಗಿ ಬಡೀರಿ. ಅಷ್ಟೇ ನಾನು ಕೇಳೋದು. ಯಾರ ಬಾಯಿಂದಲೂ ಏನೂ ಕಿತ್ಕೋಬೇಡಿ. ಬರೀ ನಿಧಾನ.”

ಯಜಮಾನ ದಡ್ಡನಲ್ಲ. ಅವನು ಊರಿನ ಮುಖಗಳನ್ನು ಓದಿದ. ಹಿಂದಿನ ಸಾಲುಗಳಲ್ಲಿ ಏನೋ ಅಲುಗಾಡುತ್ತಿತ್ತು, ಮುಂದಿನ ಸಾಲುಗಳಲ್ಲೂ ಕೆಲವು ಕಡೆ. ಅವನು ದನಿ ತಗ್ಗಿಸಿ ತನ್ನ ದಾರಿಯನ್ನು ಹೇಳಿದ. ಬಡಿಯುವವನ ಬಲಗೈಗೆ ಕಬ್ಬಿಣದ ಸುತ್ತಿಗೆ ಕೊಡೋಣ, ಎಡಗೈಗೆ ಬಟ್ಟೆ ಸುತ್ತಿದ ಕೊಡತಿ. ಬಲದ್ದು ತಲೆ, ಎಡದ್ದು ಬಾಲ. ಇನ್ನು ಮುಂದೆ ಯಾವ ಕಿವಿಯೂ ತಿರುಗದು. ಈವರೆಗೆ ತಲೆ ಎನಿಸಿಕೊಂಡವರು ತಲೆಯಾಗಿಯೇ ಇರಲಿ, ಬಾಲ ಬಾಲವಾಗಿಯೇ. ನಿನ್ನೆ ಹುಟ್ಟಿದ ಎರಡೂ ಕೂಸುಗಳು ತಲೆ. “ಎರಡೂ,” ಎಂದು ಅವನು ಮತ್ತೊಮ್ಮೆ ಹೇಳಿದ, ಹಿಂದಿನ ಸಾಲಿನಲ್ಲಿ ಕೂಸೆತ್ತಿಕೊಂಡು ನಿಂತಿದ್ದ ಬಾಲದ ಬಾಣಂತಿಯ ಕಡೆ ನೋಡುತ್ತ.

ಆ ಊರಿನ ಸಭೆಯಲ್ಲಿ ಯಾವ ತಲೆಯಿಂದ ವ್ಯಾಜ್ಯ ಹುಟ್ಟಿತೋ ಆ ತಲೆಯ ಮಾತೇ ತೀರ್ಪು. ವ್ಯಾಜ್ಯ ಹುಟ್ಟಿದ್ದು ಬಾಣಂತಿಯ ಮಡಿಲಲ್ಲಿದ್ದ ಕೂಸಿನಿಂದ. ಕೂಸಿಗೆ ಮಾತು ಬಾರದು. ಆದ್ದರಿಂದ ಅದರ ಬಾಯಿ ಅದರ ತಾಯಿ. ಹೀಗೆ ಬಾಲವೊಂದು ಇಡೀ ಊರಿನ ಮುಂದೆ, ಊರಿಗಾಗಿ, ಕೊನೆಯ ಮಾತು ಆಡುವ ಹೊತ್ತು ಬಂತು. ಆ ಊರಿನ ಚರಿತ್ರೆಯಲ್ಲಿ ಇಂಥದ್ದು ಹಿಂದೆ ಆಗಿರಲಿಲ್ಲ.

“ಹೇಳಮ್ಮಾ,” ಎಂದ ಯಜಮಾನ. ಬಾಲವನ್ನು ಅವನು ಅಮ್ಮಾ ಎಂದದ್ದೂ ಅದೇ ಮೊದಲು. “ನಿಧಾನವೋ, ಸುತ್ತಿಗೆಯೋ?”

ಅವಳು ಕೂಸನ್ನು ನೋಡಿದಳು.

“ಅಜ್ಜೀ,” ಎಂದಳು, “ನಿಧಾನವಾದ್ರೆ ನನ್ನ ಕೂಸು ಏನಾಗುತ್ತೆ?”

“ಕೂಸಾಗೇ ಇರುತ್ತೆ ಕಣೇ. ನಿನ್ನ ಕೂಸು. ಕೈ ಹಿಡಕೊಂಡು ಪಕ್ಕದಲ್ಲೇ ನಡೀತೀಯಾ.”

“ತಲೆ ಅಲ್ವಾ?”

“ಯಾರೂ ಅಲ್ಲ. ಅವನೂ ಅಲ್ಲ, ಇವನೂ ಅಲ್ಲ, ನೀನು ಬಾಲ ಅಲ್ಲ.”

“ನಾನು ಹೇಗಿದ್ರೇನು ಬಿಡು.” ಅವಳು ಕೂಸನ್ನು ಎದೆಗೆ ಒತ್ತಿಕೊಂಡಳು. “ನನಗೆ ರೂಢಿ ಆಗಿದೆ. ಅದು ಹುಟ್ಟಿ ಒಂದು ದಿನ ಆಯ್ತು, ಅಜ್ಜೀ. ಒಂದೇ ದಿನಕ್ಕೆ ಅದನ್ನ ಕೆಳಗಿಳಿಸು ಅಂತೀಯಾ?”

“ಕೆಳಗಿಳಿಸೋದು ಯಾರು? ಕೆಳಗೆ ಅನ್ನೋದೇ ಇರಲ್ಲ ಅಂತಿದ್ದೀನಿ, ಮೂಳಿ!”

“ಎಲ್ಲರೂ ಒಂದೇ ಆದ ಮೇಲೆ ನನ್ನ ಕೂಸು ತಲೆ ಆಗಿ ಏನು ಬಂತು?”

ಬೆನ್ನು ನೋಡುತ್ತ ನಡೆದವರಿಗೆ ಬೆನ್ನುಗಳೇ ಇರಬಾರದು ಎಂಬ ಆಸೆ ಹುಟ್ಟುವುದು ಅಪರೂಪ. ತಮ್ಮ ಮನೆಯದೂ ಒಂದು ಬೆನ್ನು ಮುಂದಿರಲಿ ಎಂಬ ಆಸೆಯೇ ಬೇಗ ಹುಟ್ಟುವುದು. ಅನ್ಯಾಯಕ್ಕೆ ಇಷ್ಟು ದೀರ್ಘ ಆಯುಸ್ಸು ಕೊಡುವವರು ಅದರಿಂದ ಕೊಬ್ಬಿದವರು ಮಾತ್ರವಲ್ಲ.

“ಸುತ್ತಿಗೆ,” ಎಂದಳು ತಾಯಿ.

ಊರು ಚಪ್ಪಾಳೆ ತಟ್ಟಿತು. ಈ ಸಲ ಎಲ್ಲರೂ ಒಟ್ಟಿಗೆ.

ಸೂಲಗಿತ್ತಿಯನ್ನು ಅವತ್ತೇ ಊರಿನ ಎಲ್ಲೆ ದಾಟಿಸಿದರು. ಅವಳನ್ನು ಕರೆದೊಯ್ದವರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಮೊದಲ ಉಸಿರು ಎಳೆದವರು. ಎಲ್ಲೆಯ ಬಳಿ ಅವಳು ತಿರುಗಿ ನಿಂತು, “ಲೋ, ನಿನ್ನನ್ನ ತಲೆಕೆಳಗಾಗಿ ಎಳೆದಿದ್ದೆ ಕಣೋ, ಕಾಲು ಮೊದಲು ಬಂದಿತ್ತು,” ಎಂದು ಅವರಲ್ಲಿ ಒಬ್ಬ ತಲೆಗೆ ಹೇಳಿದಳಂತೆ.

ಮರುದಿನದಿಂದ ಜಾಗಟೆ ಹೊಸ ದನಿಯಲ್ಲಿ ಮೊಳಗಿತು. ಢಣಾರ್, ಡಬ್. ಢಣಾರ್, ಡಬ್. ಕಬ್ಬಿಣ ಬಿದ್ದಲ್ಲಿ ಕಂಚು ತಗ್ಗಾಗತೊಡಗಿತು. ಪರಸ್ಥಳದವರು ಬಂದು ಕೂತು, ಹೌದಪ್ಪ, ಒಂದು ಗಟ್ಟಿ ಒಂದು ಸಪ್ಪೆ, ಎಂದು ತಲೆಯಾಡಿಸಿ ಹೋದರು. ಎಡಗಿವಿ, ಬಲಗಿವಿಗೆ ಕೆಲಸವಿಲ್ಲದಂತಾಯಿತು. ಅವರು ತಮ್ಮ ರುಮಾಲು ಸುತ್ತಿಕೊಂಡು ಕಟ್ಟೆಯ ಮೂಲೆಯಲ್ಲಿ ಕೂತು, ತಾವು ಮೊದಲಿಂದಲೂ ಹೇಳುತ್ತಿದ್ದದ್ದು ಇದನ್ನೇ ಎಂದು ಹೋಗಿಬರುವವರಿಗೆ ಹೇಳಿದರು. ಹೇಳುವುದರಲ್ಲಿ ತಪ್ಪಿಲ್ಲ. ಊರು ಅವರ ಭ್ರಮೆಯನ್ನು ತಿದ್ದುವ ಬದಲು ಕಂಚನ್ನೇ ತಿದ್ದಿತ್ತು.

ಕೂಸು ಬೆಳೆಯಿತು. ಹೆಣ್ಣು. ನಡೆಯಲು ಕಲಿತ ದಿನದಿಂದ ಅವಳು ಮುಂದೆ, ತಾಯಿ ಹಿಂದೆ. ಅವಳು ಎಡವಿ ಬಿದ್ದರೆ ತಾಯಿ ಓಡಿ ಮುಂದೆ ಹೋಗುವಂತಿಲ್ಲ. ಹಿಂದಿನಿಂದಲೇ ಕಂಕುಳಿಗೆ ಕೈ ಹಾಕಿ ಎತ್ತಬೇಕು. ಅವಳು ಕರೆಯುವ ಮೊದಲು ತಾಯಿ ಕರೆಯುವಂತಿಲ್ಲ. ಯಜಮಾನನ ಮನೆಯಲ್ಲಿ ತಲೆಯಾದ ಮಕ್ಕಳಿಗೆಲ್ಲ ಪಾಠ ಹೇಳಿಸುತ್ತಿದ್ದರು. ಅಲ್ಲಿ ಅವಳು ತಾಯಿಯನ್ನು ಬಾಲವ್ವ ಎಂದು ಕರೆಯಲು ಕಲಿತಳು. ತಾಯಿ ಅದಕ್ಕೂ ಹಿಗ್ಗಿದಳು. ಎಷ್ಟು ಸ್ಪಷ್ಟವಾಗಿ ಮಾತಾಡುತ್ತೆ ನೋಡಿ, ಎಂದು ಬಾವಿಕಟ್ಟೆಯಲ್ಲಿ ಹೇಳಿಕೊಂಡಳು.

ಹಾಗಿರುವಾಗ ಅವಳು ಮತ್ತೆ ಬಸುರಿಯಾದಳು. ನೋವು ಬಂದಾಗ ಹಗಲು. ಕರೆಯಲು ಸೂಲಗಿತ್ತಿ ಇರಲಿಲ್ಲ, ಹೊಸ್ತಿಲ ಮೇಲೆ ಕೂರಲು ಕಿವಿಗಳು ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಗಂಡ ನೀರು ಕಾಯಿಸಿ ತಂದಿಟ್ಟು ಹೊರಗೆ ನಿಂತ. ಅವಳು ಗೋಡೆಗೆ ಬೆನ್ನು ಕೊಟ್ಟು ಹಲ್ಲು ಕಚ್ಚಿದಳು. ಢಣಾರ್, ಡಬ್. ಢಣಾರ್, ಡಬ್. ಬೇಡಬೇಡವೆಂದರೂ ಕೇಳುತ್ತಿತ್ತು. ಕಿವಿಗೆ ಹತ್ತಿ ತುರುಕಿದರೂ ನೆಲದಿಂದ ಬೆನ್ನುಮೂಳೆಗೆ ಹತ್ತಿ ಕೇಳುತ್ತಿತ್ತು.

ಕೂಸು ಜಾರಿ ಬಂತು. ಬಾಯಿ ತೆರೆಯಿತು. ಅವಳು ಅದರ ಬಾಯಿಗೆ ಅಂಗೈ ಅಡ್ಡ ಹಿಡಿದಳು, ಢಣಾರ್ ಬರುವವರೆಗೆ ತಡೆದುಕೋ ಎಂಬಂತೆ. ಮುಖ ನೀಲಿಯಾಗತೊಡಗಿತು. ಹೆದರಿ ಕೈ ತೆಗೆದಳು. ಅದು ಅತ್ತಿತು.

ಡಬ್.

ಬೀದಿಯಲ್ಲಿ ಹೋಗುತ್ತಿದ್ದ ಯಾರೋ, ಮನಸ್ಸಿನಲ್ಲಿ ಯಾವ ಕೆಡುಕೂ ಇಲ್ಲದೆ, “ಬಾಲ” ಎಂದು ನಡೆದುಹೋದರು. ಅವರು ಹೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಅವಳ ಕಿವಿಯೇ ಹೇಳಿತ್ತು. ಈ ಸಲ ಅದು ಸತ್ಯವನ್ನೇ ಹೇಳಿತ್ತು.

ದೊಡ್ಡ ಮಗಳು ಬಾಗಿಲಲ್ಲಿ ಬಂದು ನಿಂತು, ಬಗ್ಗಿ ಕೂಸನ್ನು ನೋಡಿದಳು. ತಾಯಿ ಕಾದಳು. ಮಗಳು ಮೊದಲು ಮಾತಾಡಬೇಕು.

“ಬಾಲವ್ವಾ,” ಎಂದಳು ಮಗಳು, “ಇದೂ ನಿನ್ನ ಥರದ್ದೇನೇ?”

“ಹೂಂ,” ಎಂದಳು ತಾಯಿ.